ಪಳೆಯಸೀವರಂನಲ್ಲಿ ಇಳಿಯದ ಸೈಕಲ್ಲುಗಳು

ಮೊನ್ನೆ ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತು, ಸೈಕಲ್ಲಿನ ಸೀಟಿಗೆ ಕಟ್ಟುವ ಚೀಲವನ್ನು ತಲೆಕೆಳಗು ಮಾಡಿ ಕೊಡವುತ್ತಿದ್ದೆ. ಬರಬರನೆ ಮರಳು ಸುರಿಯಿತು. ಕೆಳಗಿನ ಮನೆಯವರು ಒಣಗಲು ಹಾಕಿದ್ದ ಹಪ್ಪಳದ ಮೇಲೆ ಬಿತ್ತೋ ಏನೋ, ಯಾರೋ ತಮಿಳಿನಲ್ಲಿ ನನ್ನ ಜನ್ಮ ಜಾಲಾಡಿದರು. ನಾನು ಬಗ್ಗಿ ನೋಡಲಿಲ್ಲ. ಮದರಾಸಿನ ಈ ತುದಿಯ ಪಲ್ಲಾವರಂಗೆ ಬಂದು ಇನ್ನೂ ಬಹಳ ಕಾಲವಾಗಿಲ್ಲ. ಕೆಳಗಿನವರಿಗೆ ನನ್ನ ಮುಖದ ಪರಿಚಯ ಈ ನೆಪದಲ್ಲಿ ಆಗುವುದು ಬೇಡ ಅನ್ನಿಸಿತು. ಅಷ್ಟರಲ್ಲಿ ಒಂದು ವಿಮಾನ ಹೊಟ್ಟೆ ತೋರಿಸಿಕೊಂಡು ತಲೆಯ ಮೇಲೇ ಹಾದುಹೋಯಿತು. ಬೈಗುಳವೆಲ್ಲ ಅದರ ಸದ್ದಿನಲ್ಲಿ ಮುಳುಗಿತು. ವಿಮಾನ ನಿಲ್ದಾಣದ ಪಕ್ಕ ಮನೆ ಮಾಡಿದ್ದಕ್ಕೆ ಇಂಥ ಸಣ್ಣಪುಟ್ಟ ಲಾಭಗಳೂ ಉಂಟು.

ಕೈಗೆ ಅಂಟಿದ ಮರಳನ್ನು ಮಾತ್ರ ಕೊಡವಲು ಮನಸ್ಸಾಗಲಿಲ್ಲ. ಅದು ಪಾಲಾರ್ ನದಿಯ ಮರಳು. ನಾನು ಹುಟ್ಟಿ ಬೆಳೆದದ್ದು ಬೇತಮಂಗಲದಲ್ಲಿ. ಅಲ್ಲಿನ ದೊಡ್ಡ ಕೆರೆ ತುಂಬುವುದು ಇದೇ ಪಾಲಾರಿನಿಂದ. ತುಂಬುವುದು ಎಂದೆನಲ್ಲ, ಅದು ಅಭ್ಯಾಸಬಲದ ಮಾತು. ನಾನು ಹುಡುಗಿಯಾಗಿದ್ದಾಗ ನಮ್ಮ ಕೋಲಾರದ ಸೀಮೆಯಲ್ಲಿ ನದಿ ಎಂದರೆ, ಹಿರಿಯರು ಕೈ ತೋರಿಸಿ "ಇಲ್ಲೇ ಹರೀತಿತ್ತು" ಎನ್ನುವ ಜಾಗ. ಆ ಜಾಗ ಹಾಗೇ ಕೆಳಗಿಳಿದು, ಆಂಧ್ರದ ಮೂಲೆಯೊಂದನ್ನು ಮುಟ್ಟಿ, ತಮಿಳುನಾಡಿನ ಉದ್ದಕ್ಕೂ ಮರಳು ಹಾಸಿಕೊಂಡು ಸಮುದ್ರಕ್ಕೆ ಹೋಗುತ್ತದೆ. ನಾನೂ ಮದುವೆಯಾಗಿ ಹೆಚ್ಚುಕಡಿಮೆ ಅದೇ ದಿಕ್ಕಿಗೆ ರೈಲಿನಲ್ಲಿ ಬಂದವಳು. ನದಿಗಿಂತ ಬೇಗ ಬಂದು ಮುಟ್ಟಿದೆ, ಅಷ್ಟೇ ವ್ಯತ್ಯಾಸ.

ಬೇತಮಂಗಲದ ಕೆರೆ ಏರಿಯ ಮೇಲೆಯೇ ನಾನು ಸೈಕಲ್ ಕಲಿತದ್ದು. ಬಾಡಿಗೆ ಸೈಕಲ್ಲು, ಗಂಡಸರದ್ದು, ಸೀಟು ನನ್ನ ಭುಜದ ಮಟ್ಟಕ್ಕೆ. ಆದ್ದರಿಂದ ಒಳಪೆಡಲು. ಚೌಕಟ್ಟಿನ ಸಂದಿಯಲ್ಲಿ ಒಂದು ಕಾಲು ತೂರಿಸಿ, ಸೊಂಟವನ್ನು ಬಾಗಿಲಿಗೆ ಸಿಕ್ಕಿದ ಬೆಕ್ಕಿನಂತೆ ತಿರುಚಿ, ಏರಿಯ ಮಣ್ಣುದಾರಿಯಲ್ಲಿ ಹೋಗುತ್ತಿದ್ದೆ. ಮಳೆಯಾದ ವರ್ಷ ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. "ಬಿದ್ರೆ ಗದ್ದೆ ಕಡೀಕೇ ಬೀಳೇ ತಾಯಿ" ಎಂದು ನಮ್ಮಜ್ಜಿ ಹೇಳಿ ಕಳಿಸುತ್ತಿದ್ದರು. ಬೀಳಬೇಡ ಎಂದು ಅವರು ಎಂದೂ ಹೇಳಿದ್ದಿಲ್ಲ. ಮೊಮ್ಮಗಳ ಯೋಗ್ಯತೆ ಅವರಿಗೆ ಗೊತ್ತಿತ್ತು. ನಾನು ಅಜ್ಜಿಯ ಮಾತು ಮೀರಲಿಲ್ಲ, ಪ್ರತಿ ಸಲವೂ ಗದ್ದೆಯ ಕಡೆಗೇ ಬಿದ್ದೆ. ಮೊಣಕಾಲಿನ ಮೇಲೆ ಅದರ ಗುರುತು ಇನ್ನೂ ಇದೆ, ಬೇಕಾದರೆ ತೋರಿಸುತ್ತೇನೆ.

ಮದರಾಸಿಗೆ ಬಂದ ಮೇಲೆ ಸೈಕಲ್ಲಿಗೂ ನನಗೂ ಸಂಬಂಧ ಕಡಿಯಿತು. ಮೈಲಾಪುರದಲ್ಲಿ ಹಳೆಯ ಕಟ್ಟಡದ ಮೊದಲ ಮಹಡಿಯ ಮನೆ, ವಿಮಾ ಕಚೇರಿಯ ಕೆಲಸ, ಅತ್ತೆ, ಗಂಡ, ಮೈದುನ. ಕೆಲವು ವರ್ಷಗಳ ನಂತರ ಮೈದುನನ ಹೆಂಡತಿಯಾಗಿ ವತ್ಸಲಾ ಬಂದಳು. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು, ಗಾರ್ಡ್ ಆಗಿದ್ದವರ ಮಗಳು. ಮೂರು ತಲೆಮಾರಿನಿಂದ ಇಲ್ಲೇ ಇರುವ ಕನ್ನಡದವರು. ಬಂದ ದಿನವೇ ನನ್ನ ಹತ್ತಿರ "ಅಕ್ಕಾ, ತಣ್ಣಿ ಎಲ್ಲಿ ಹಿಡೀತೀರಿ?" ಎಂದು ಕೇಳಿದಳು. ನಾನು ಒಂದು ನಿಮಿಷ ತಬ್ಬಿಬ್ಬಾಗಿ, ಆಮೇಲೆ ನಲ್ಲಿ ತೋರಿಸಿದೆ. ಈಗ ನೆನೆದರೆ, ಅವಳು ನನ್ನನ್ನು ನೇರವಾಗಿ ಏನಾದರೂ ಕೇಳಿದ್ದು ಬಹುಕಾಲದ ಮಟ್ಟಿಗೆ ಅದೇ ಕೊನೆ. ಮಾರನೆಯ ದಿನದಿಂದ ನಮ್ಮ ಮನೆಯ ಪದ್ಧತಿ ಅವಳಿಗೂ ರೂಢಿಯಾಯಿತು.

ಆ ಪದ್ಧತಿ ಏನೆಂದು ಹೇಳಬೇಕು. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಏನನ್ನೂ ನೆಟ್ಟಗೆ ಕೇಳುವುದಿಲ್ಲ. ಕೇಳಿದರೆ ಹಂಗಾಗುತ್ತದೆ, ಇನ್ನೊಬ್ಬರ ಋಣಕ್ಕೆ ಬಿದ್ದಂತೆ ಎಂದು ನಮ್ಮತ್ತೆಯ ಸಿದ್ಧಾಂತ. ಕೊತ್ತಂಬರಿ ಸೊಪ್ಪು ಬೇಕೆಂದರೆ ನಾನು ಅತ್ತೆಗೆ "ಸಾಯಂಕಾಲಕ್ಕೆ ಕೊತ್ತಂಬರಿ ಇಲ್ಲವೇನೋ" ಎನ್ನುತ್ತಿದ್ದೆ, ಪಕ್ಕದಲ್ಲೇ ನಿಂತ ವತ್ಸಲಾ ಅದನ್ನು ಕೇಳಿಸಿಕೊಂಡು ಹೋಗಿ ತರುತ್ತಿದ್ದಳು. ಅವಳಿಗೆ ತವರಿಗೆ ಹೋಗಬೇಕೆಂದರೆ "ಪೆರಂಬೂರಲ್ಲಿ ಮಾವಿನಕಾಯಿ ಚೆನ್ನಾಗಿ ಬಿಟ್ಟಿದಾವಂತೆ ಅತ್ತೆ" ಎನ್ನುತ್ತಿದ್ದಳು, ನಾನು ಅವಳ ಪಾಲಿನ ಅಡುಗೆಯನ್ನೂ ಮಾಡುತ್ತಿದ್ದೆ. ಎರಡು ಜುಟ್ಟು ಸೇರಬಹುದು, ಎರಡು ಜಡೆ ಸೇರುವುದಿಲ್ಲ ಎನ್ನುತ್ತಾರೆ. ನಮ್ಮಿಬ್ಬರ ಜಡೆ ಸೇರದಿದ್ದರೂ ಜಗಳವಾಡಿದ್ದಿಲ್ಲ. ಜಗಳವಾಡಲು ನೇರ ಎರಡು ಮಾತಾದರೂ ಆಡಬೇಕಲ್ಲ.

ಅತ್ತೆ ತೀರಿಕೊಂಡ ಮೇಲೆ ಬಂತು ನೋಡಿ ಕಷ್ಟ. ಇನ್ನು ಯಾರ ಮೂಲಕ ಮಾತಾಡುವುದು? ಕೆಲವು ದಿನ ಕುಕ್ಕರಿಗೆ ಹೇಳಿದೆವು, ಕೆಲವು ದಿನ ದೇವರ ಪಟಕ್ಕೆ. ಕೊನೆಗೆ ವತ್ಸಲಾಳ ಮಗಳು ನಿಧಿಯನ್ನು ಹಿಡಿದೆ. ನಿಧಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ಸಾರಿಗೆ ಹುಳಿ ಸಾಕಾ ಅಂತ ನಿಮ್ಮಮ್ಮನ್ನ ಕೇಳೇ" ಎಂದರೆ, ಆ ಹುಡುಗಿ ಮೊಬೈಲಿನಿಂದ ತಲೆ ಎತ್ತದೆ, "ಪೆರಿಯಮ್ಮಾ, ಅಮ್ಮಾ ಇಂಗೇ ದಾನೇ ಇರುಕ್ಕಾಂಗ, ನೀಂಗಳೇ ಕೇಳುಂಗ" ಎಂದಳು. ದೊಡ್ಡಮ್ಮಾ, ಅಮ್ಮ ಇಲ್ಲೇ ಇದ್ದಾಳಲ್ಲ, ನೀವೇ ಕೇಳಿ. ನಾನು ಕೇಳಲಿಲ್ಲ. ವತ್ಸಲಾ ತಾನಾಗಿ ಬಂದು, ರುಚಿ ನೋಡಿ, ಏನೂ ಹೇಳದೆ ಹೋದಳು.

ಮೆಟ್ಟಿಲ ಕೆಳಗೆ ಎರಡು ಸೈಕಲ್ಲುಗಳು ಧೂಳು ತಿನ್ನುತ್ತಿದ್ದವು. ಒಂದು ನಿಧಿಯದು, ಅವಳು ಸ್ಕೂಟರಿಗೆ ಬಡ್ತಿ ಪಡೆದಿದ್ದಳು. ಇನ್ನೊಂದು ನಮ್ಮ ಮನೆಯವರದು. ದಪ್ಪ ಟೈರಿನ ಗೇರ್ ಸೈಕಲ್ಲು, ಹೊಟ್ಟೆ ಕರಗಿಸುವ ಸಂಕಲ್ಪದಿಂದ ತಂದದ್ದು. ಹೊಟ್ಟೆ ಹಾಗೇ ಉಳಿಯಿತು, ಸಂಕಲ್ಪ ಕರಗಿತು. ನಾನು ನಿವೃತ್ತಳಾದ ಹೊಸತರಲ್ಲಿ, ವತ್ಸಲಾಳಿಗೆ ಸಕ್ಕರೆ ಇದೆ, ದಿನಾ ಮೈ ದಣಿಸಬೇಕು ಎಂದು ವೈದ್ಯರು ಹೇಳಿದರು. ಅವಳು ಒಂದು ಬೆಳಿಗ್ಗೆ ನಿಧಿಯ ಸೈಕಲ್ಲನ್ನು ಒರೆಸುತ್ತಾ, "ಆ ಸೈಕಲ್ಲೂ ಸುಮ್ಮನೆ ತುಕ್ಕು ಹಿಡೀತಿದೆ" ಎಂದು ಗೋಡೆಗೆ ಹೇಳಿದಳು. ಅದು ನನಗೆ ಆಹ್ವಾನ. ಚೂಡಿದಾರ್ ಹಾಕಿಕೊಂಡು ಇಳಿದೆ. ಅರವತ್ತಕ್ಕೆ ಅರಳುಮರಳು ಎಂದು ಮನೆಯವರು ನಕ್ಕರು. ಅರವತ್ತಾಗಲು ಇನ್ನೂ ಸಮಯವಿದೆ ಎಂದು ನಾನೂ ಗೋಡೆಗೇ ಹೇಳಿದೆ.

ಮೊದಮೊದಲು ಸಮುದ್ರದ ದಂಡೆಯವರೆಗೆ. ಆಮೇಲೆ ಅಡ್ಯಾರಿನವರೆಗೆ. ಬಸ್ಸು ಆಟೋಗಳ ನಡುವೆ ಜೀವ ಕೈಯಲ್ಲಿ ಹಿಡಿದು ಹೋಗುವುದರಲ್ಲಿ ಏನೂ ಸುಖವಿರಲಿಲ್ಲ. ರೈಲಿನ ಉಪಾಯ ವತ್ಸಲಾಳದ್ದೇ. ನಮ್ಮ ಲೋಕಲ್ ರೈಲುಗಳಲ್ಲಿ ಹಾಲಿನ ಕ್ಯಾನು, ಹೂವಿನ ಮೂಟೆ, ಸೊಪ್ಪಿನ ಗಂಟು ಹೊತ್ತು ಬರುವವರಿಗೆಂದು ಒಂದು ಡಬ್ಬಿ ಇರುತ್ತದೆ, ವೆಂಡರ್ ಡಬ್ಬಿ. ಭಾನುವಾರ ಬೆಳಿಗ್ಗೆ ಊರಿಂದ ಹೊರಗೆ ಹೋಗುವಾಗ ಅದು ಬಹುಪಾಲು ಖಾಲಿ. ಅಲ್ಲಿ ಸೈಕಲ್ಲುಗಳನ್ನು ಕಂಬಿಗೆ ಕಟ್ಟಿ, ನಾವು ಪಕ್ಕದ ಹೆಂಗಸರ ಡಬ್ಬಿಯಲ್ಲಿ ಕೂರುವುದು. ಕಟ್ಟಲು ಅವಳಪ್ಪನ ಕಾಲದ ಹೋಲ್ಡಾಲಿನ ಚರ್ಮದ ಪಟ್ಟಿಗಳು. ಊಟದ ಚೀಲ ಮಾತ್ರ ಮಡಿಲಿನಿಂದ ಇಳಿಯಕೂಡದು, ಇದು ರೈಲ್ವೆಯವರ ಮನೆಯ ಕಟ್ಟಳೆ. "ಸಾಮಾನು ಪೋನಾ ಬರುತ್ತೆ ಅಕ್ಕಾ, ಸಾಪ್ಪಾಡು ಪೋನಾ ಬರಲ್ಲ" ಎಂದು ವತ್ಸಲಾ ಕಿಟಕಿಗೆ ಹೇಳುತ್ತಿದ್ದಳು. ಸಾಮಾನು ಹೋದರೆ ಬರುತ್ತದೆ, ಊಟ ಹೋದರೆ ಬರುವುದಿಲ್ಲ.

ಕೊನೆಯ ಸ್ಟೇಷನ್ನಿನಲ್ಲಿ ಇಳಿಯುವುದು, ಡಾಂಬರು ರಸ್ತೆಗೆ ಬೆನ್ನು ಹಾಕುವುದು, ಮಣ್ಣುದಾರಿ ಎಲ್ಲಿ ಕಾಣುತ್ತದೋ ಅಲ್ಲಿ ತಿರುಗುವುದು. ಇಷ್ಟೇ ನಮ್ಮ ಶಾಸ್ತ್ರ. ಗುಮ್ಮಿಡಿಪೂಂಡಿಯಿಂದ ಪಳವೇರ್ಕಾಡಿನ ಹಿನ್ನೀರಿನ ಕಡೆಗೆ, ಜಾಲಿಪೊದೆಗಳ ನಡುವೆ, ಉಪ್ಪಿನ ವಾಸನೆ ಹಿಡಿದು ಹೋಗಿದ್ದೇವೆ. ಚೆಂಗಲ್ಪಟ್ಟಿನಿಂದ ಕೆರೆ ಏರಿಗಳ ಮೇಲೇ, ಒಂದು ಕೆರೆ ಮುಗಿದರೆ ಇನ್ನೊಂದು ಕೆರೆ ಎಂಬಂತೆ, ತಾಳೆಮರಗಳ ನೆರಳಿನಲ್ಲಿ ಹೋಗಿದ್ದೇವೆ. ಸಂಜೆಯಾದರೆ ಯಾವುದಾದರೂ ದೇವಸ್ಥಾನದ ಛತ್ರ. ಕಂಬಳಿ ಹೊದ್ದು, ಕಪ್ಪೆಗಳ ಸದ್ದು ಕೇಳುತ್ತಾ ಮಲಗಿದರೆ ನಾನು ಮೈಲಾಪುರದಲ್ಲಿದ್ದೇನೋ ಬೇತಮಂಗಲದಲ್ಲಿದ್ದೇನೋ ತಿಳಿಯುತ್ತಿರಲಿಲ್ಲ. ಹಳ್ಳಿಯ ಹೆಂಗಸರು ಸೊಂಟದಲ್ಲಿ ಕೊಡ ಇಟ್ಟುಕೊಂಡು ನಿಂತು, "ಎಂಗಮ್ಮಾ ಪೋರೀಂಗ?" ಎಂದು ಕೇಳುತ್ತಿದ್ದರು. ಎಲ್ಲಿಗೆ ಹೊರಟಿರಿ? ವತ್ಸಲಾಳ ಉತ್ತರ ಯಾವಾಗಲೂ ಒಂದೇ: "ಸುಮ್ಮಾ!" ಸುಮ್ಮನೆ. ಅವರಿಗೆ ಅದು ಪೂರ್ತಿ ಒಪ್ಪಿಗೆಯಾಗುತ್ತಿತ್ತು. ನಾವು ಮಾಡುತ್ತಿರುವುದಕ್ಕೆ ಬೈಕ್‌ಪ್ಯಾಕಿಂಗ್ ಎಂಬ ಹೆಸರಿದೆ, ದೊಡ್ಡ ದೊಡ್ಡವರೆಲ್ಲ ಮಾಡುತ್ತಾರೆ ಎಂದು ನಿಧಿ ಆಮೇಲೆ ತಿಳಿಸಿದಳು. ನಮಗೆ ಸ್ವಲ್ಪ ಜಂಬ ಬಂತು, ಸುಳ್ಳೇಕೆ.

ಸೈಕಲ್ಲಿನ ದೊಡ್ಡ ಗುಣ ಇನ್ನೊಂದಿದೆ. ಏರಿಯ ಮೇಲಿನ ದಾರಿ ಒಂದು ಗಾಲಿಯಷ್ಟೇ ಅಗಲ. ಒಬ್ಬಳು ಮುಂದೆ, ಒಬ್ಬಳು ಹಿಂದೆ. ಮುಂದಿನವಳು ಹಿಂದಿರುಗಿ ನೋಡದೆ ಗಾಳಿಗೆ ಹೇಳಿದಂತೆ ಹೇಳಬಹುದು. ಹಿಂದಿನವಳಿಗೆ ಕೇಳಿಸಿದರೆ ಕೇಳಿಸಿತು, ಇಲ್ಲದಿದ್ದರೆ ಇಲ್ಲ. ನಮ್ಮಂಥವರಿಗೆ ಹೇಳಿ ಮಾಡಿಸಿದ ವಾಹನ. ಅತ್ತೆಯ ಕೊನೆಯ ದಿನಗಳು, ಅವಳಪ್ಪ ಕೊಡಿಸಿದ ಮೊದಲ ರೇಷ್ಮೆ ಲಂಗ, ನಿಧಿಗಿಂತ ಮುಂಚೆ ಅವಳಿಗೆ ನಿಲ್ಲದೆ ಹೋದ ಬಸಿರು, ಎಲ್ಲವೂ ನನಗೆ ಗೊತ್ತಾದದ್ದು ಹೀಗೆ ಅವಳ ಬೆನ್ನು ನೋಡುತ್ತಾ. ಒಂದೇ ಅಡುಗೆಮನೆಯಲ್ಲಿ ವರ್ಷಾನುಗಟ್ಟಲೆ ತಿರುಗಿದವಳು ನನಗೆ ಸಿಕ್ಕಿದ್ದು ಕೆರೆ ಏರಿಯ ಮೇಲೆ. ಅವಳಿಲ್ಲದ ಭಾನುವಾರ ನನಗೆ ಬೇಡವಾಗಿತ್ತು.

ಹೀಗಿರುವಾಗ ನಮ್ಮ ಕಟ್ಟಡ ಕೆಡವುತ್ತಾರೆ ಎಂದಾಯಿತು. ಹಳೆಯ ಕಟ್ಟಡ, ಮಳೆ ಬಂದರೆ ಸೋರುತ್ತಿತ್ತು, ಕೆಡವುವುದರಲ್ಲಿ ತಪ್ಪೇನಿಲ್ಲ. ಅಣ್ಣತಮ್ಮ ಕೂತು ಮಾತಾಡಿದರು. ನಾವು ಪಲ್ಲಾವರಂಗೆ, ಅವರು ತಿರುವಳ್ಳೂರಿಗೆ. ಒಂದು ಊರಿನ ಈ ತುದಿ, ಇನ್ನೊಂದು ಆ ತುದಿ. ಗಂಡಸರ ಮಾತು ಕಾಫಿ ಆರುವುದರೊಳಗೆ ಮುಗಿಯಿತು. ನಾನು ಲೋಟ ತೊಳೆಯುತ್ತಾ ವತ್ಸಲಾಳ ಮುಖ ನೋಡಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಇವಳಿಗೆ ಹೋಗಲು ಮನಸ್ಸಿದೆಯೇ? ನನ್ನಿಂದ ಬಿಡುಗಡೆ ಸಿಕ್ಕಿತು ಎಂದುಕೊಂಡಳೇ? ಅಥವಾ ನಾನೇ ಬೇರೆಯಾಗಲು ಬಯಸಿದ್ದೇನೆ ಎಂದು ತಿಳಿದು ಸುಮ್ಮನಿದ್ದಾಳೆಯೇ? ಕೇಳಿದರೆ ಒಂದು ಮಾತು. ಆ ಒಂದು ಮಾತು ವಾರಗಟ್ಟಲೆ ನನ್ನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತು. ಮೀನು ತಿಂದವಳಲ್ಲ ನಾನು, ಆದರೂ ಹಾಗೇ ಇರಬೇಕು.

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ, ಮನೆ ಬಿಡುವ ಮೊದಲು ಕೊನೆಯದಾಗಿ ಹೊರಟೆವು. ಕೊನೆಯದು ಎಂದು ಇಬ್ಬರೂ ಹೇಳಲಿಲ್ಲ. ಈ ಸಲ ಚೆಂಗಲ್ಪಟ್ಟಿನಲ್ಲಿ ನಿಲ್ಲದೆ, ಅಲ್ಲಿಂದ ಕಾಂಚೀಪುರದ ಕಡೆಗೆ ತಿರುಗುವ ರೈಲಿನಲ್ಲೇ ಮುಂದೆ ಹೋಗಿ, ಪಳೆಯಸೀವರಂ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿಯುವುದು. ಪಾಲಾರನ್ನು ದಾಟಿ ಆಚೆ ದಡದ ಮಣ್ಣುದಾರಿ ಹಿಡಿಯುವುದು. ಪಾಲಾರ್ ನೋಡಬೇಕೆಂಬ ಆಸೆ ನನ್ನದು. ಸೈಕಲ್ಲುಗಳನ್ನು ಎಂದಿನಂತೆ ವೆಂಡರ್ ಡಬ್ಬಿಯಲ್ಲಿ ಕಟ್ಟಿ ನಾವು ಪಕ್ಕದ ಡಬ್ಬಿಯಲ್ಲಿ ಕೂತೆವು. ಚೆಂಗಲ್ಪಟ್ಟು ದಾಟಿದ ಮೇಲೆ ರೈಲಿನಲ್ಲಿ ಜನ ಕರಗಿದರು. ಒಂದೇ ಹಳಿ, ಎರಡೂ ಕಡೆ ಹಸಿರು ಭತ್ತ, ಬೆಳಗಿನ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ನಾನು ಕಿಟಕಿಗೆ ತಲೆ ಆನಿಸಿ ಅರೆನಿದ್ದೆಯಲ್ಲಿದ್ದೆ. ಆ ಒಂದು ಮಾತನ್ನು ಹೇಗೆ ಶುರು ಮಾಡಲಿ ಎಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

ಪಳೆಯಸೀವರಂ ಬಂತು. ನಾನು ಈ ಬಾಗಿಲಿನಿಂದ ಇಳಿದೆ. ವತ್ಸಲಾ ಊಟದ ಚೀಲ ತಬ್ಬಿಕೊಂಡು ಆ ಬಾಗಿಲಿನಿಂದ ಇಳಿದಳು. ರೈಲು ಒಂದು ಉಸಿರು ನಿಂತು ಹೊರಟಿತು. ಕೊನೆಯ ಡಬ್ಬಿಯೂ ನಮ್ಮನ್ನು ದಾಟಿಹೋದ ಮೇಲೆ ಪ್ಲಾಟ್‌ಫಾರಂ ಮೇಲೆ ಉಳಿದವರು ನಾವಿಬ್ಬರು, ಒಂದು ಬೇವಿನಮರ, ಒಂದು ನಾಯಿ.

"ಅಕ್ಕಾ," ಎಂದಳು ವತ್ಸಲಾ ನನ್ನ ಹಿಂದೆ ಮುಂದೆ ನೋಡಿ. "ಸೈಕಲ್ ಎಂಗೆ?"

"ನೀನು ಇಳಿಸಲಿಲ್ವಾ?"

"ನೀವು ಆ ಕಡೆ ಬಾಗಿಲಿಗೆ ಹೋದ್ರಲ್ಲ, ಇಳಿಸೋಕ್ಕೇ ಹೋದ್ರಿ ಅಂತ ನೆನಚ್ಕೊಂಡೆ."

"ನಾನು, ನೀನು ಮುಂಚೆನೇ ಎದ್ದೆಯಲ್ಲ, ಅದಕ್ಕೇ ಎದ್ದಿದೀಯ ಅಂತ..."

"ಪೋಚ್ಚು!" ಎಂದಳು ವತ್ಸಲಾ. "ಪೋಯೇ ಪೋಚ್ಚು!" ಹೋಯಿತು, ಹೋಗೇ ಹೋಯಿತು.

ಇದು ನಮ್ಮ ಮನೆಯ ಜನ ಮಾತ್ರ ಮಾಡಬಲ್ಲ ತಪ್ಪು. ಅದುವರೆಗೆ ಕೊನೆಯ ಸ್ಟೇಷನ್ನಿನಲ್ಲೇ ಇಳಿಯುತ್ತಿದ್ದೆವಾದ್ದರಿಂದ ರೈಲು ನಮಗಾಗಿ ಕಾದು ನಿಲ್ಲುತ್ತಿತ್ತು, ಯಾರಿಗೆ ಮೊದಲು ನೆನಪಾಗುತ್ತದೋ ಅವರು ಇಳಿಸುತ್ತಿದ್ದರು. ನಡುವಿನ ಸ್ಟೇಷನ್ನಿನಲ್ಲಿ ಯಾರು ಇಳಿಸುವುದು ಎಂದು ಮೊದಲೇ ಕೇಳಿಕೊಳ್ಳಬೇಕು ಎಂದು ಬೇರೆ ಯಾರಿಗಾದರೂ ಹೊಳೆಯುತ್ತಿತ್ತು. ಕೇಳಿದರೆ ಹಂಗಾಗುತ್ತದಲ್ಲ! ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಇಬ್ಬರೂ ಸ್ಟೇಷನ್ ಮಾಸ್ಟರ ಕೋಣೆಗೆ ಓಡಿದೆವು. ಅವರು ಚಹಾ ಕುಡಿಯುತ್ತಿದ್ದರು. "ಸೈಕಲಾ? ರೆಂಡುಮಾ?" ಎಂದರು. ಎರಡೂ, ಎಂದು ವತ್ಸಲಾ ತಲೆಯಾಡಿಸಿದಳು. ಯಾರಮ್ಮಾ ಇಳಿಸಬೇಕಿತ್ತು ಎಂದು ಅವರು ತಮಿಳಿನಲ್ಲಿ ಕೇಳಿದಾಗ, ಅವಳು ನನ್ನನ್ನೂ ನಾನು ಅವಳನ್ನೂ ತೋರಿಸಿದೆವು. ಆ ಮನುಷ್ಯ ನಗು ತಡೆಯಲು ಚಹಾದ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದರು. ಮುಂದಿನ ಸ್ಟೇಷನ್ನಿಗೆ ಫೋನು ಮಾಡಿ ಹೇಳಿದರು. ಅದೇ ರೈಲು ಮಧ್ಯಾಹ್ನ ತಿರುಗಿ ಬರುತ್ತದೆ, ಸೈಕಲ್ಲುಗಳೂ ಅದರಲ್ಲೇ ಬರುತ್ತವೆ, ಅಲ್ಲಿಯವರೆಗೆ ನದಿ ನೋಡಿಕೊಂಡು ಬನ್ನಿ ಎಂದರು.

ನಡೆದೇ ಹೋದೆವು. ಊಟದ ಚೀಲ ಇತ್ತು, ರೈಲ್ವೆಯವರ ಕಟ್ಟಳೆ ಕೈಬಿಡಲಿಲ್ಲ. ಪಾಲಾರ್ ಅಲ್ಲಿ ಎಷ್ಟು ಅಗಲ ಗೊತ್ತೇ? ಆಚೆ ದಡದ ಮರಗಳು ಬೆರಳುದ್ದ ಕಾಣುತ್ತವೆ. ನಡುವೆಲ್ಲ ಮರಳು. ದೂರದಲ್ಲೊಂದು ನೀರಿನ ಎಳೆ, ಅದರಲ್ಲಿ ಬೆಳ್ಳಕ್ಕಿಗಳು. ಅಲ್ಲಲ್ಲಿ ಹಸಿರು ಹುಲ್ಲಿನ ತೇಪೆ, ಒಂದಿಷ್ಟು ಎಮ್ಮೆ, ಗಾಳಿ. ಚಪ್ಪಲಿ ಕೈಯಲ್ಲಿ ಹಿಡಿದು ಒಳಗೊಳಗೆ ನಡೆದು, ದಡದ ಕಡೆ ಬಾಗಿದ ಒಂದು ಹೊಂಗೆಮರದ ನೆರಳಲ್ಲಿ ಕೂತೆವು. ಪುಳಿಯೋಗರೆ ತಿಂದು, ಮೊಸರನ್ನ ತಿಂದು, ಅಲ್ಲೇ ಅಡ್ಡಾದೆವು. ಮೇಲಿನ ಮರಳು ಬೆಚ್ಚಗೆ. ಬೆರಳು ಹೂತರೆ ಒಳಗೆ ತಣ್ಣಗೆ. ನೀರು ಕೆಳಗಿಂದ ಹೋಗುತ್ತಿದೆ ಎಂದು ಅನ್ನಿಸಿತು. ನಮ್ಮಜ್ಜಿ ಕೈ ತೋರಿಸುತ್ತಿದ್ದ ನೀರು ಇದೇ ಇರಬೇಕು. ಇಷ್ಟು ವರ್ಷ ನಡೆದು ಈಗ ಇಲ್ಲಿಗೆ ಬಂದಿರಬೇಕು. ಕಣ್ಣು ಮುಚ್ಚಿದರೆ ಏರಿ, ಬಾಡಿಗೆ ಸೈಕಲ್ಲು, ಗದ್ದೆಯ ಕೆಸರು. ತೆರೆದರೆ ಹೊಂಗೆಯ ಎಲೆ, ಅದರ ಸಂದಿಯಲ್ಲಿ ಆಕಾಶ. ಎರಡರ ನಡುವೆ ಎಷ್ಟು ಹೊತ್ತು ಹೋಗಿಬಂದೆನೋ.

ಪಕ್ಕದಲ್ಲಿ ವತ್ಸಲಾ ದುಪ್ಪಟ್ಟಾವನ್ನು ಮುಖದ ಮೇಲೆ ಹಾಕಿಕೊಂಡು ಮಲಗಿದ್ದಳು. ಮುಖ ಕಾಣದಿದ್ದುದೇ ನನಗೆ ಧೈರ್ಯ ಕೊಟ್ಟಿರಬೇಕು. ಸೈಕಲ್ಲು ಹೋದ ಹಾಗೆ ಇವಳೂ ಹೋಗಿಬಿಟ್ಟರೆ ಯಾವ ಸ್ಟೇಷನ್ನಿಗೆ ಫೋನು ಮಾಡಿಸಲಿ ಎಂದೂ ಅನ್ನಿಸಿತು.

"ವತ್ಸಲಾ, ನಿನಗೆ ತಿರುವಳ್ಳೂರಿಗೆ ಹೋಗೋದು ಇಷ್ಟಾನಾ?"

ನಿದ್ದೆ ಹೋಗಿದ್ದಾಳೆ ಎಂದುಕೊಂಡೆ. ಆಮೇಲೆ ದುಪ್ಪಟ್ಟಾದೊಳಗಿಂದ ದನಿ ಬಂತು.

"ಇಷ್ಟ ಅಕ್ಕಾ."

ನಾನು ಹೊಂಗೆಮರವನ್ನು ನೋಡುತ್ತಿದ್ದೆ. ಕೇಳಬಾರದಿತ್ತು, ಅತ್ತೆಯ ಸಿದ್ಧಾಂತವೇ ಸರಿ ಎನ್ನಿಸಿತು.

"ತಪ್ಪಾ ತಿಳ್ಕೋಬೇಡಿ," ಎಂದಳು. "ನೀವು ಒಳ್ಳೇವ್ರು ದಾನ್. ಅದು ಬೇರೆ ವಿಷಯ. ಮದುವೆ ಆಗಿ ಬಂದಾಗಿಂದ ಉಪ್ಪಿನ ಡಬ್ಬ ಎಲ್ಲಿಡಬೇಕು ಅಂತ ನಾನು ಒಂದು ವಾಟಿ ಕೂಡ ತೀರ್ಮಾನ ಮಾಡಿಲ್ಲ ಅಕ್ಕಾ. ಮೊದಲು ಅತ್ತೆ, ಆಮೇಲೆ ನೀವು. ನನಗೆ ಒಂದು ಅಡುಗೆಮನೆ ಬೇಕು. ಕೆಟ್ಟು ಹೋದ್ರೂ ನಾನೇ ಕೆಡಿಸಿದೆ ಅಂತ ಇರಬೇಕು."

ಇದರಲ್ಲಿ ಸಿಟ್ಟಿರಲಿಲ್ಲ. ಹಸಿವಾಗಿದೆ ಎಂದು ಹೇಳುವ ಹಾಗೆ ಹೇಳಿದಳು. ನನಗೆ ದುಃಖವಾಯಿತು, ನಿಜ. ಆದರೆ ವಿಚಿತ್ರವೆಂದರೆ, ಮುಳ್ಳು ಹೋಗಿತ್ತು. ಅಷ್ಟು ವರ್ಷಗಳಲ್ಲಿ ಅವಳ ಬಾಯಿಂದ ನನಗೆಂದೇ ಬಂದ ಮೊದಲ ನಿಜ ಅದು.

ಅವಳು ದುಪ್ಪಟ್ಟಾ ಸರಿಸಿ ನನ್ನ ಕಡೆ ಹೊರಳಿದಳು. "ನಿಮಗೆ?"

"ಏನು ನನಗೆ?"

"ಇಷ್ಟಾನಾ?"

"ಇಲ್ಲ," ಎಂದೆ. "ನೀನಿಲ್ಲದೆ ಭಾನುವಾರ ನಾನೇನು ಮಾಡಲಿ? ನನಗೆ ಈ ಊರಲ್ಲಿ ಇನ್ಯಾರಿದಾರೆ?"

ಹೇಳಿದ ಮೇಲೆ ನಾಚಿಕೆಯಾಗಿ ಎಮ್ಮೆಗಳ ಕಡೆ ತಿರುಗಿದೆ. ವತ್ಸಲಾ ಎದ್ದು ಕೂತಳು. ಕಣ್ಣು ಒರೆಸಿಕೊಂಡಳೋ ಮರಳು ಒರೆಸಿಕೊಂಡಳೋ ನಾನು ನೋಡಲಿಲ್ಲ. "ಅಯ್ಯೋ ಕಡವುಳೇ, ಇದನ್ನ ಒಂದು ದಿವಸ ಸೊಲ್ಲಬಾರದಾ? ನಾನು ಹೋದ್ರೆ ನಿಮಗೆ ನೆಮ್ಮದಿ ಅಂತ ಅಲ್ಲವಾ ನಾನ್ ಇದ್ದೆ" ಎಂದಳು. ಆಮೇಲೆ ಮರಳಿನ ಮೇಲೆ ಬೆರಳಿಂದ ಒಂದು ಗೆರೆ ಎಳೆಯಲು ಶುರು ಮಾಡಿದಳು. "ಇಲ್ಲಿ ನೋಡಿ. ಇದು ಪಲ್ಲಾವರಂ. ಹೀಗೇ ಕೆಳಗೆ ಬಂದ್ರೆ ಚೆಂಗಲ್ಪಟ್ಟು. ಇಲ್ಲಿ ತಿರುಗಿದ್ರೆ ಈ ಊರು." ಬೆರಳು ಇನ್ನೂ ಹೋಗುತ್ತಲೇ ಇತ್ತು. "ಕಾಂಚೀಪುರ. ಅರಕ್ಕೋಣಂ. ಅಲ್ಲಿ ರೈಲು ಬದಲಾಯಿಸಿದ್ರೆ ತಿರುವಳ್ಳೂರು." ಗೆರೆ ಬಾಗಿ ಬಂದು ದೊಡ್ಡ ಕುಡುಗೋಲಾಯಿತು. "ಊರೊಳಗೆ ಹೋದ್ರೆ ನಿಮಗೂ ನನಗೂ ತುಂಬಾ ದೂರ. ಹಿಂದುಗಡೆ ಬಂದ್ರೆ ಒಂದೇ ಲೈನು. ನೀವು ಅಲ್ಲಿಂದ ಬನ್ನಿ, ನಾನು ಇಲ್ಲಿಂದ ಬರ್ತೀನಿ."

ಮಧ್ಯಾಹ್ನದ ರೈಲು ಸೈಕಲ್ಲುಗಳನ್ನು ತಂದು ಒಪ್ಪಿಸಿತು. ಕಟ್ಟಿದ್ದ ಪಟ್ಟಿ ಹಾಗೇ ಇತ್ತು. ಯಾರೋ ಪುಣ್ಯಾತ್ಮರು ನನ್ನ ಹ್ಯಾಂಡಲಿಗೆ ಒಂದು ಬಾಳೆಗೊನೆ ನೇತುಹಾಕಿ ಮರೆತು ಇಳಿದಿದ್ದರು. ಅದನ್ನು ಸ್ಟೇಷನ್ ಮಾಸ್ಟರಿಗೆ ಕೊಟ್ಟು, ಉಳಿದ ಬೆಳಕಿನಲ್ಲಿ ದಡದ ಮಣ್ಣುದಾರಿಯಲ್ಲಿ ಒಂದಿಷ್ಟು ದೂರ ಹೋಗಿ ಬಂದೆವು.

ಮನೆ ಖಾಲಿಯಾಯಿತು. ಅವರು ತಿರುವಳ್ಳೂರಿಗೆ ಹೋದರು, ನಾವು ಇಲ್ಲಿಗೆ ಬಂದೆವು. ನಿಮಗೆ ಗೊತ್ತಿರುವಂತೆ, ಈ ಊರಿನಲ್ಲಿ ಒಂದು ತುದಿಯವರು ಇನ್ನೊಂದು ತುದಿಯವರಿಗೆ "ಬರ್ತೀನಿ" ಎನ್ನುವುದು ಒಂದು ಮರ್ಯಾದೆಯ ಮಾತು, ಅಷ್ಟೆ. ಹತ್ತಿರದವರೂ ಮದುವೆ ಮುಂಜಿಗೆ ಸಿಕ್ಕರೆ ಸಿಕ್ಕರು. ಮೊದಲು ವತ್ಸಲಾ ದಿನಾ ಫೋನು ಮಾಡುತ್ತಿದ್ದಳು, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ನೆನಪಾದಾಗ. ಹೊಸ ಅಡುಗೆಮನೆಯ ವಿಷಯ ಹೇಳುವಾಗ ಅವಳ ದನಿಯಲ್ಲಿ ಒಂದು ಹುರುಪಿತ್ತು. ನಾನು ಅದನ್ನು ಕೇಳಿ ಸಂತೋಷಪಟ್ಟೆ, ಫೋನು ಇಟ್ಟ ಮೇಲೆ ಸಪ್ಪಗಾದೆ. ಎರಡೂ ನಿಜ. ಭಾನುವಾರಗಳಂದು ಬಾಲ್ಕನಿಯಲ್ಲಿ ಕೂತು ವಿಮಾನಗಳ ಹೊಟ್ಟೆ ನೋಡಿದೆ. ಸೈಕಲ್ಲು ಒಂದು ಮೂಲೆಯಲ್ಲಿತ್ತು. ಒಬ್ಬಳೇ ಹೋಗಬಹುದಿತ್ತು. ಹೋಗಲಿಲ್ಲ.

ಕೊನೆಗೆ ಹೋದ ವಾರ ನಾನೇ ಫೋನು ಮಾಡಿ ಕೇಳಿದೆ. "ಭಾನುವಾರ ಪಳೆಯಸೀವರಂಗೆ ಬರ್ತೀಯಾ?"

"ಪಾಕ್ಕಲಾಂ ಅಕ್ಕಾ," ಎಂದಳು.

ಪಾಕ್ಕಲಾಂ ಎಂದರೆ ನೋಡೋಣ. ಮದರಾಸಿನಲ್ಲಿ ಬದುಕಿದವರಿಗೆ ಗೊತ್ತು, ನೋಡೋಣ ಎಂದರೆ ಹೆಚ್ಚುಪಾಲು ಇಲ್ಲ ಎಂದೇ. ಬೇಸರವಾಗದಿರಲಿ ಎಂದು ಹಾಗೆ ಹೇಳುವುದು. ನಿಧಿಯ ಪರೀಕ್ಷೆ ಇದೆಯಂತೆ, ಮೈದುನನಿಗೆ ನೆಗಡಿಯಂತೆ. ಆದರೂ ಭಾನುವಾರ ಬೆಳಕು ಹರಿಯುತ್ತಲೇ ನಾನು ಹೊರಟೆ. ವೆಂಡರ್ ಡಬ್ಬಿಯಲ್ಲಿ ಸೈಕಲ್ಲಿನ ಹ್ಯಾಂಡಲು ಹಿಡಿದು ನಿಂತೇ ಹೋದೆ, ಕಳೆದ ಸಲದ ಬುದ್ಧಿ. ಪಳೆಯಸೀವರಂನಲ್ಲಿ ನನ್ನನ್ನೊಬ್ಬಳನ್ನೇ ಇಳಿಸಿ ರೈಲು ಹೋಯಿತು. ಅದೇ ಬೇವಿನಮರದ ಕೆಳಗೆ ಕೂತೆ. ಆ ಕಡೆಯಿಂದ ಬರುವ ರೈಲಿಗೆ ಇನ್ನೂ ಹೊತ್ತಿತ್ತು. ಬರದಿದ್ದರೆ ಬರಲಿಲ್ಲ, ಒಬ್ಬಳೇ ನದಿಯವರೆಗೆ ಹೋಗಿ ಬರುತ್ತೇನೆ ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ. ಅದು ಹಳಿ ಬಾಗುವ ಜಾಗವನ್ನೇ ನೋಡುತ್ತಿತ್ತು.

ಅರಕ್ಕೋಣದ ಕಡೆಯ ರೈಲು ಬಂತು. ಹೆಂಗಸರ ಡಬ್ಬಿಯಿಂದ ಇಬ್ಬರು ಇಳಿದರು, ಅವಳಲ್ಲ. ಇನ್ನೊಂದು ಡಬ್ಬಿಯಿಂದ ಒಂದು ಸಂಸಾರ ಇಳಿಯಿತು. ನಾನು ಎದ್ದು ನಿಂತವಳು ನಿಂತೇ ಇದ್ದೆ. ಇನ್ನೇನು ರೈಲು ಹೊರಡಬೇಕು, ಅಷ್ಟರಲ್ಲಿ ತುದಿಯ ವೆಂಡರ್ ಡಬ್ಬಿಯ ಬಾಗಿಲಲ್ಲಿ ಸೈಕಲ್ಲಿನ ಮುಂದಿನ ಗಾಲಿಯೊಂದು ಹೊರಗೆ ಚಾಚಿ ಗಾಳಿಯಲ್ಲಿ ತಿರುಗಿತು. ಅದರ ಹಿಂದೆ ಕೆದರಿದ ತಲೆ, ಕೆಂಪೇರಿದ ಮುಖ.

"ಅಕ್ಕಾ! ಏನು ಮರದ ಥರ ನಿಂತಿದೀರಿ? ಓಡಿ ಬನ್ನಿ, ಹಿಡೀರಿ ಇದನ್ನ! ನನ್ನೊಬ್ಬಳ ಕೈಯಲ್ಲಿ ಆಗಲ್ಲ!"

ಒಂದೇ ಮನೆಯಲ್ಲಿ ಅಷ್ಟು ವರ್ಷ ಇದ್ದಳು. ಕುದಿಯುವ ಅನ್ನದ ಪಾತ್ರೆಯನ್ನೂ ಸೆರಗು ಸುತ್ತಿ ತಾನೇ ಇಳಿಸಿದವಳು, ಒಂದು ದಿನವೂ ನನಗೆ ಹಿಡೀರಿ ಎಂದಿರಲಿಲ್ಲ. ನಾನು ಓಡಿದೆ. ಮೊಣಕಾಲು ನೆನಪಾಗಲಿಲ್ಲ, ವಯಸ್ಸು ನೆನಪಾಗಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡೆ.